ಕಿಷ್ಕಿಂಧೆಗೆ ಹೋಗುವ ವಿಷಯ ಮಕ್ಕಳಿಗೆ ಮೊದಲೇ ಹೇಳಬೇಕೇ?

ಕಿಷ್ಕಿಂಧೆ ಅಂದ ಕೂಡಲೇ ನಮಗೆ ನೆನಪಾಗುವುದು ತುಂಗಭದ್ರೆಯ ದಡದ ಆನೆಗುಂದಿ, ಅಂಜನಾದ್ರಿ ಬೆಟ್ಟ, ಹಂಪಿಯ ಬಂಡೆಗಳು. ಚೆನ್ನೈಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮಾತ್ರ ಕಿಷ್ಕಿಂಧೆ ಎಂದರೆ ತಾಂಬರಂ! ವಾಲಿ ಸುಗ್ರೀವರು ಅಲ್ಲಿ ಯುದ್ಧ ಮಾಡಲಿಲ್ಲ, ನೀರಿನ ಜಾರುಬಂಡೆಯಲ್ಲಿ ಜಾರುತ್ತಿದ್ದರು ಅಂತಲೇ ನನ್ನ ಮಗ ಚಿಕ್ಕವನಿದ್ದಾಗ ತಿಳಿದುಕೊಂಡಿದ್ದ. ತಮಿಳಿನ ಉಚ್ಚಾರಣೆಗೆ ತಕ್ಕಂತೆ ‘ಕಿಷ್ಕಿಂತಾ’ ಎಂಬ ಹೆಸರಿನಲ್ಲಿ ಆ ಪಾರ್ಕ್ ಪಶ್ಚಿಮ ತಾಂಬರಂ ಆಚೆ 1995ರಲ್ಲಿ ಶುರುವಾಯಿತು. ಕಟ್ಟಿಸಿದವರು ಮಲಯಾಳಂ ಸಿನಿಮಾದ ನವೋದಯ ಅಪ್ಪಚ್ಚನ್. 1984ರಲ್ಲಿ ಭಾರತದ ಮೊದಲ ತ್ರೀಡಿ ಚಿತ್ರ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ತೆಗೆದವರು ಇವರೇ. ಕನ್ನಡಕ ಹಾಕಿಸಿ, ಪರದೆಯ ಮೇಲಿನ ವಸ್ತು ಮುಖಕ್ಕೇ ಬಂದಂತೆ ಮಾಡಿ ಊರೂರಿನ ಮಕ್ಕಳನ್ನು ಬೆಚ್ಚಿಬೀಳಿಸಿದ ಮನುಷ್ಯ ಮುಂದೆ ಥೀಮ್ ಪಾರ್ಕ್ ಕಟ್ಟಿದ್ದು ಸಹಜವೇ. ಮಕ್ಕಳು ಬೆಚ್ಚಿಬಿದ್ದು ನಗುವುದನ್ನು ನೋಡುವ ಖುಷಿ ಅವರಿಗೆ ಗೊತ್ತಿತ್ತು.

ಅಪ್ಪಂದಿರಿಗೂ ಅದೇ ಖುಷಿ ಬೇಕು. ಅಲ್ಲಿಂದಲೇ ನಮ್ಮ ಮನೆಗಳಲ್ಲಿ ಒಂದು ಹೊಸ ಜಗಳ ಶುರುವಾಯಿತು. ಪಾರ್ಕಿಗೆ ಕರೆದುಕೊಂಡು ಹೋಗುವ ವಿಷಯ ಮಕ್ಕಳಿಗೆ ಮುಂಚೆ ಹೇಳಬೇಕೋ, ಇಲ್ಲಾ ಗೇಟಿನ ಮುಂದೆ ನಿಲ್ಲಿಸಿ “ಟಡಾ!” ಅನ್ನಬೇಕೋ? ಇದು ಅವರವರ ಸ್ವಭಾವದ ಪ್ರಶ್ನೆ ಅಂತ ತುಂಬಾ ಜನ ತಿಳಿದಿದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಈ ಊರಿನಲ್ಲಿದ್ದು ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಸರ್ಪ್ರೈಸ್ ಕೊಡುವುದಕ್ಕೂ ಒಂದು ಇತಿಹಾಸ ಇದೆ. ದೂರ, ದುಡ್ಡು, ರಜೆ ಮೂರೂ ಕೂಡಿ ಬಂದ ಕಾಲದಲ್ಲಷ್ಟೇ ಅದು ಸಾಧ್ಯವಾಗಿದ್ದು.

ನಮ್ಮ ಬಾಲ್ಯವನ್ನೇ ನೋಡಿ. ಮಂಡ್ಯದ ಕಡೆಯ ನಮಗೆ ಥೀಮ್ ಪಾರ್ಕ್ ಅಂದರೆ ಮೈಸೂರಿನ ದಸರಾ ವಸ್ತುಪ್ರದರ್ಶನ. 1880ರಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ದಸರಾ ಯಾವಾಗ ಅಂತ ಗೋಡೆಯ ಕ್ಯಾಲೆಂಡರಿನಲ್ಲೇ ಇರುವಾಗ ಅದರಲ್ಲಿ ಗುಟ್ಟೇನು ಬಂತು? ಗಣೇಶನ ಹಬ್ಬ ಮುಗಿದ ದಿನದಿಂದಲೇ ಡಬ್ಬಿಗೆ ನಾಲ್ಕಾಣೆ ಎಂಟಾಣೆ ಬೀಳುತ್ತಿತ್ತು. ಜಾಯಿಂಟ್ ವೀಲ್‌ಗೆ ಇಷ್ಟು, ಹಪ್ಪಳಕ್ಕೆ ಇಷ್ಟು, ಬಲೂನು ಬೇಡ (ಮನೆಗೆ ಬರುವಷ್ಟರಲ್ಲಿ ಒಡೆದುಹೋಗುತ್ತೆ) ಅಂತ ಅಣ್ಣ ತಂಗಿ ಕೂತು ಲೆಕ್ಕ ಹಾಕುತ್ತಿದ್ದೆವು. ಹೋಗಿ ಬರುವುದು ಒಂದೇ ದಿನ, ಕಾಯುವುದು ಒಂದು ತಿಂಗಳು. ಈಗ ಯೋಚಿಸಿದರೆ ಆ ತಿಂಗಳೇ ಹೆಚ್ಚು ನೆನಪಿದೆ.

ಮದ್ರಾಸಿನ ಮಕ್ಕಳದ್ದೂ ಹೆಚ್ಚುಕಡಿಮೆ ಇದೇ ಕತೆ. ಪೊಂಗಲ್ ಸುಮಾರಿಗೆ ಐಲ್ಯಾಂಡ್ ಗ್ರೌಂಡ್ಸ್‌ನಲ್ಲಿ ಪ್ರವಾಸೋದ್ಯಮ ಇಲಾಖೆಯವರ ಪೊರುಟ್‌ಕಾಟ್ಚಿ, ಅಂದರೆ ವಸ್ತುಪ್ರದರ್ಶನ. ಊರಗಲದ ಡೆಲ್ಲಿ ಅಪ್ಪಳಂ, ರಾಟವಾಳ, ಮರಣಬಾವಿಯಲ್ಲಿ ಬೈಕ್ ಓಡಿಸುವವನು. ಉಳಿದ ದಿನಗಳಲ್ಲಿ ಮರೀನಾದ ಸುಂಡಲ್, ಇಲ್ಲವೇ ಮೃಗಾಲಯ. ಈ ಮೃಗಾಲಯದ್ದು ದೊಡ್ಡ ಚರಿತ್ರೆ. ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯ 1855ರಲ್ಲಿ ಎಗ್ಮೋರಿನ ಮ್ಯೂಸಿಯಂ ಆವರಣದಲ್ಲಿ ಶುರುಮಾಡಿದ್ದು, ಆಮೇಲೆ ಸೆಂಟ್ರಲ್ ಸ್ಟೇಷನ್ ಪಕ್ಕದ ಪೀಪಲ್ಸ್ ಪಾರ್ಕಿಗೆ ಬಂತು, 1985ರಲ್ಲಿ ವಂಡಲೂರಿಗೆ ಹೋಯಿತು. ಸೆಂಟ್ರಲ್ ಪಕ್ಕದಲ್ಲಿದ್ದಷ್ಟು ದಿನ ರೈಲು ಇಳಿದವರು ಹಾಗೇ ಒಂದು ಸುತ್ತು ಹುಲಿ ನೋಡಿ ಮನೆಗೆ ಹೋಗಬಹುದಿತ್ತು. ವಂಡಲೂರಿಗೆ ಹೋದ ಮೇಲೆ ಬುತ್ತಿ ಕಟ್ಟಿಕೊಂಡು, ಬಸ್ಸು ವಿಚಾರಿಸಿಕೊಂಡು ಹೊರಡುವ ಪ್ರಯಾಣವಾಯಿತು. ದೂರ ಹೆಚ್ಚಾದರೆ ಗುಟ್ಟು ಕಮ್ಮಿಯಾಗುತ್ತೆ. ಹಿಂದಿನ ರಾತ್ರಿ ಪುಳಿಯೋಗರೆ ಗೊಜ್ಜಿನ ವಾಸನೆ ಬಂದರೆ ಯಾವ ಮಗುವಿಗೆ ಗೊತ್ತಾಗುವುದಿಲ್ಲ?

ಕಿಷ್ಕಿಂತಾ ಬರುವ ಮೊದಲೇ ಕಡಲ ದಂಡೆಯ ಇಂಜಂಬಾಕ್ಕಂನಲ್ಲಿ ವಿಜಿಪಿ ಗೋಲ್ಡನ್ ಬೀಚ್ ಇತ್ತು. ಅದನ್ನು ಕಟ್ಟಿದ ವಿ.ಜಿ. ಪನ್ನೀರ್‌ದಾಸ್ ಸಹೋದರರು ಮದ್ರಾಸಿನ ಮಧ್ಯಮ ವರ್ಗಕ್ಕೆ ಪರಿಚಯವಾಗಿದ್ದು ಕಂತಿನ ವ್ಯಾಪಾರದಿಂದ. ಗಡಿಯಾರ, ರೇಡಿಯೋ, ಫ್ಯಾನು ಏನು ಬೇಕಾದರೂ ಮನೆಗೆ ಒಯ್ಯಿರಿ, ತಿಂಗಳು ತಿಂಗಳು ಇಷ್ಟಿಷ್ಟು ಕೊಡಿ. ಬ್ಯಾಂಕುಗಳು ಸಂಬಳದಾರನಿಗೆ ಸಾಲ ಕೊಡಲು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಆ ಅಂಗಡಿ ಕೊಡುತ್ತಿತ್ತು (ನಮ್ಮವರನ್ನೇ ನಾನು ಹೀಗೆ ಬೈಯಬಾರದು, ಆದರೆ ನಿಜ). ಕಂತಿನ ರೇಡಿಯೋ ಇರುವ ಮನೆಯಲ್ಲಿ ಮಕ್ಕಳಿಗೂ ಐದನೇ ತಾರೀಕು ಅಂದರೆ ಏನೆಂದು ಗೊತ್ತಿರುತ್ತೆ. ಆ ತಿಂಗಳು ಸಿನಿಮಾ ಇಲ್ಲ ಅಂದರೆ ಯಾಕಿಲ್ಲ ಅಂತ ಯಾರೂ ಕೇಳುವುದಿಲ್ಲ. ಮನೆಯ ದುಡ್ಡಿನ ಸಂಗತಿ ಮನೆಯವರಿಗೆಲ್ಲ ಗೊತ್ತಿದ್ದ ಕಾಲ ಅದು.

ಗೋಲ್ಡನ್ ಬೀಚ್‌ನ ‘ಸಿಲೈ ಮನಿದನ್’ನನ್ನು ನೀವು ನೋಡಿರಬಹುದು. ರಾಜರ ಕಾಲದ ಕಾವಲುಗಾರನ ವೇಷದಲ್ಲಿ, ಮೀಸೆ ತಿರುವಿಕೊಂಡು, ಕಲ್ಲಿನ ಹಾಗೆ ನಿಂತಿರುವ ಮನುಷ್ಯ. ನಗಿಸಿದರೆ ಬಹುಮಾನ ಅಂತ ಮಕ್ಕಳು ಅವನ ಮುಂದೆ ಕೋತಿಚೇಷ್ಟೆ ಮಾಡುತ್ತಿದ್ದರು. ಇಡೀ ದಿನ ಒಬ್ಬ ದೊಡ್ಡವನು ಅವರಿಗೆ “ಸುಮ್ಮನಿರು” ಅನ್ನದೆ ತಾನೇ ಸುಮ್ಮನಿದ್ದದ್ದು ಅದೊಂದೇ ಜಾಗದಲ್ಲಿ ಅನ್ನಿಸುತ್ತೆ!

ತೊಂಬತ್ತರ ದಶಕದಲ್ಲಿ ಎಲ್ಲಾ ಬದಲಾಯಿತು. ದೇಶದ ಬೇರೆ ಕಡೆ ಇದು ಸ್ವಲ್ಪ ಮೊದಲೇ ಬಂದಿತ್ತು. ದೆಹಲಿಯಲ್ಲಿ 1984ರಲ್ಲಿ ಅಪ್ಪು ಘರ್, ಮುಂಬೈಯ ಗೊರಾಯಿಯಲ್ಲಿ 1989ರಲ್ಲಿ ಎಸ್ಸೆಲ್ ವರ್ಲ್ಡ್. ಚೆನ್ನೈಗೆ ಬಂದಾಗ ಮಾತ್ರ ಸಾಲುಸಾಲಾಗಿ ಬಂತು. ತಾಂಬರಂನಲ್ಲಿ ಕಿಷ್ಕಿಂತಾ, ಮುಟ್ಟುಕಾಡಿನಲ್ಲಿ ಎಂಜಿಎಂ ಡಿಜ್ಜೀ ವರ್ಲ್ಡ್, ವಿಜಿಪಿಯಲ್ಲೂ ರೈಡುಗಳು, 2003ರಲ್ಲಿ ಬೆಂಗಳೂರು ಹೆದ್ದಾರಿಯಲ್ಲಿ ಪೂನಮಲ್ಲಿ ಆಚೆ ಕ್ವೀನ್ಸ್‌ಲ್ಯಾಂಡ್. ಊರ ಅಂಚಿನಲ್ಲೇ ಪಾರ್ಕು, ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಕೈಯಲ್ಲಿ ಒಂದಿಷ್ಟು ದುಡ್ಡು, ಕೆಲವರಿಗೆ ಮಾರುತಿ ಕಾರು. ಭಾನುವಾರ ಬೆಳಿಗ್ಗೆ “ಏಳ್ರೋ, ಎಲ್ಲಿಗೆ ಅಂತ ಕೇಳಬೇಡಿ” ಅನ್ನುವ ಅಪ್ಪ ಹುಟ್ಟಿದ್ದು ಆಗಲೇ. ಅವನಪ್ಪನಿಗೆ ಆ ಸೌಕರ್ಯ ಇರಲಿಲ್ಲ.

ಅಂಥ ಒಬ್ಬರು ನಮ್ಮ ಶಾಖೆಯಲ್ಲೇ ಇದ್ದರು. ಹೆಸರು ಬೇಡ. ಮಕ್ಕಳಿಗೆ ಮದುವೆಗೆ ಹೋಗುತ್ತಿದ್ದೇವೆ ಅಂತ ಹೇಳಿ ಹೊರಡಿಸಿದರು. ಹೆಂಡತಿಗೂ ಹೇಳಿರಲಿಲ್ಲ ಮಹಾನುಭಾವ! ಮಗಳು ರೇಷ್ಮೆ ಲಂಗ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಮಗ ಹೊಸ ಬೂಟು ಹಾಕಿ, ಆಕೆ ಕಾಂಜೀವರಂ ಸೀರೆಯಲ್ಲಿ ಬಂದು ಇಳಿದದ್ದು ನೀರಿನ ಆಟಗಳ ಗೇಟಿನ ಮುಂದೆ. ಬದಲಿ ಬಟ್ಟೆ ಇಲ್ಲ, ಟವೆಲ್ ಇಲ್ಲ. ಮಕ್ಕಳು ಖುಷಿಯಿಂದ ಕುಣಿದರಂತೆ, ಅದು ಸುಳ್ಳಲ್ಲ. ಆದರೆ ಆ ಮಗಳು ಮದುವೆಯಲ್ಲಿ ತನ್ನ ಚಿಕ್ಕಮ್ಮನ ಮಗಳು ಸಿಗುತ್ತಾಳೆ ಅಂತ ಅವಳಿಗೆ ಕೊಡಲು ಒಂದು ಚಿತ್ರ ಬರೆದು ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಸಂಜೆ ವಾಪಸ್ಸು ಬರುವಾಗ “ಹಾಗಾದ್ರೆ ಮದುವೆ ಯಾವತ್ತು?” ಅಂತ ಕೇಳಿದಳಂತೆ. ಇದನ್ನವರು ನಗುತ್ತಾ ಹೇಳಿದರು, ನಾವೂ ನಕ್ಕೆವು. ಅಲ್ಲಿ ಕೂತಿದ್ದ ನಮ್ಮ ಹೆಡ್ ಕ್ಯಾಷಿಯರಮ್ಮ ಮಾತ್ರ ನಗಲಿಲ್ಲ.

ಇಂಥ ಪಾರ್ಕುಗಳ ಮೂಲಪುರುಷ ವಾಲ್ಟ್ ಡಿಸ್ನಿ. ಆತನ ಕತೆ ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಶನಿವಾರ ಹೆಣ್ಣುಮಕ್ಕಳಿಬ್ಬರನ್ನು ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ತಿರುಗುವ ಕುದುರೆಗಳ ಮೇಲೆ, ಈತ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ. ಅಪ್ಪ ಮಕ್ಕಳು ಕೂಡಿ ಆಡುವಂಥ ಜಾಗ ಯಾಕಿಲ್ಲ ಅಂತ ಆ ಬೆಂಚಿನ ಮೇಲೆ ಅನ್ನಿಸಿದ್ದಾಗಿ ತಾನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. (ಮೊದಲ ದಿನ ನಕಲಿ ಟಿಕೆಟ್ಟಿನವರು ನುಗ್ಗಿ ಗಲಾಟೆಯೋ ಗಲಾಟೆ. ಪ್ಲಾನ್ ಮಾಡಿದರೂ ಹಾಗಾಗುತ್ತೆ ಬಿಡಿ.) ಗಮನಿಸಿ, ಆತನಿಗೆ ಬೇಕಾಗಿದ್ದದ್ದು ಮಕ್ಕಳ ಮುಖ ನೋಡುತ್ತಾ ನಿಲ್ಲುವುದಲ್ಲ, ಬೆಂಚಿನಿಂದ ಏಳುವುದು.

ಮುಂದೆ ಯೂಟ್ಯೂಬ್ ಬಂದ ಮೇಲೆ ಅಪ್ಪ ಅಮ್ಮ ಮತ್ತೆ ಬೆಂಚಿಗೇ ಹೋದರು, ಈ ಸಲ ಕೈಯಲ್ಲಿ ಕ್ಯಾಮರಾ. 2011ರಲ್ಲಿ ಅಮೆರಿಕದ ಒಬ್ಬ ಪುಟ್ಟ ಹುಡುಗಿ ಹುಟ್ಟುಹಬ್ಬಕ್ಕೆ ಡಿಸ್ನಿಲ್ಯಾಂಡಿಗೆ ಹೋಗುವ ಸುದ್ದಿ ಕೇಳಿ ಬಿಕ್ಕಿ ಬಿಕ್ಕಿ ಅತ್ತ ವಿಡಿಯೋ ಲೋಕವೆಲ್ಲ ಸುತ್ತಿತು. 2013ರಲ್ಲಿ ಆ ತಾಯಿ ಇನ್ನೊಮ್ಮೆ ಹಾಗೇ ಮಾಡಿದಾಗ ದೊಡ್ಡವಳು ಮತ್ತೆ ಅತ್ತಳು. ಪಕ್ಕದಲ್ಲಿದ್ದ ತಂಗಿ ಮಾತ್ರ “ಇವರಿಗೇನಾಯ್ತು” ಅನ್ನುವ ಹಾಗೆ ಓರೆಗಣ್ಣಿನಲ್ಲಿ ನೋಡಿದಳು. ಆ ಓರೆನೋಟದ ಚಿತ್ರ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ಒಂದೇ ಕಾರು, ಒಂದೇ ಸುದ್ದಿ, ಎರಡು ಮಕ್ಕಳು. ಅಪ್ಪ ಅಮ್ಮ ಅಂದುಕೊಂಡ ಮುಖ ಒಬ್ಬಳದ್ದೇ ಆಗಿತ್ತು.

ನಮ್ಮಂಥವರಿಗೆ, ಅಂದರೆ ಹೊರನಾಡಿನಲ್ಲಿ ನೆಲೆಸಿದವರಿಗೆ, ಇದರಲ್ಲಿ ಇನ್ನೊಂದು ಗಂಟು ಇದೆ. ರಜೆ ಅಂದರೆ ನಮಗೆ ಊರು. ಏಪ್ರಿಲ್ ಪರೀಕ್ಷೆ ಮುಗಿದ ರಾತ್ರಿಯೇ ಕಾವೇರಿ ಎಕ್ಸ್‌ಪ್ರೆಸ್ಸೋ, ಬೆಳಿಗ್ಗೆಯ ಬೃಂದಾವನವೋ (1964ರಿಂದ ಓಡುತ್ತಿರುವ ಗಾಡಿ, ನನಗಿಂತ ಹಿರಿಯ). ಬ್ಯಾಂಕಿನವರಿಗೆ ಅದನ್ನು ನಿಯಮವೇ ಹೇಳಿಕೊಟ್ಟಿತ್ತು. ಕೇಂದ್ರ ಸರ್ಕಾರದವರಿಗೆ 1956ರಲ್ಲಿ ಬಂದ ರಜಾ ಪ್ರಯಾಣ ರಿಯಾಯಿತಿಯ ಹಾಗೆಯೇ ನಮ್ಮದು ಎಲ್‌ಎಫ್‌ಸಿ. ನಾಲ್ಕು ವರ್ಷದ ಬ್ಲಾಕಿನಲ್ಲಿ ಎರಡೆರಡು ವರ್ಷಕ್ಕೊಮ್ಮೆ ಸ್ವಂತ ಊರು, ಇಲ್ಲವೇ ಒಂದು ಸಲ ಊರು, ಇನ್ನೊಂದು ಸಲ ದೇಶದ ಎಲ್ಲಿಗಾದರೂ. ಅರ್ಜಿಯಲ್ಲಿ ಹೆಂಡತಿ ಮಕ್ಕಳ ಹೆಸರು, ವಯಸ್ಸು, ಎಲ್ಲಿಂದ ಎಲ್ಲಿಗೆ, ಎಲ್ಲಾ ಬರೆಯಬೇಕು. ಮ್ಯಾನೇಜರು ಸಹಿ ಹಾಕಬೇಕು, ಬದಲಿ ಅಧಿಕಾರಿ ಬರಬೇಕು, ರೈಲಿನ ಟಿಕೆಟ್ಟಿಗೆ ಎರಡು ತಿಂಗಳ ಮುಂಚೆ ನಿಲ್ಲಬೇಕು. ಇಡೀ ಶಾಖೆಗೆ ಗೊತ್ತಿರುವ ಪ್ರವಾಸವನ್ನು ಮಕ್ಕಳಿಂದ ಮುಚ್ಚಿಡುವುದು ಹೇಗೆ? ‘ಎಲ್ಲಿಗಾದರೂ’ ಬ್ಲಾಕ್ ಬಂದ ವರ್ಷ ನಮ್ಮ ಮನೆಯಲ್ಲಿ ಆರು ತಿಂಗಳು ಭೂಪಟ ಗೋಡೆಯಿಂದ ಇಳಿಯುತ್ತಿರಲಿಲ್ಲ. ನನ್ನ ಮಗನಿಗೆ ಭೂಗೋಳ ಬಂದದ್ದು ಶಾಲೆಯಿಂದಲ್ಲ, ಎಲ್‌ಎಫ್‌ಸಿಯಿಂದ.

ಆಗ 2005ರಲ್ಲಿ ಬಿಡದಿಗೆ ವಂಡರ್‌ಲಾ ಬಂತು. ವಿ-ಗಾರ್ಡ್ ಸ್ಟೆಬಿಲೈಜರಿನ ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಮಾಡಿ, ಆಮೇಲೆ ಮೈಸೂರು ರಸ್ತೆಗೆ ಬಂದರು. ಮೈಸೂರು, ಮಂಡ್ಯ, ಮಡಿಕೇರಿ, ಹಾಸನದ ಕಡೆಯ ಚೆನ್ನೈ ಕನ್ನಡಿಗರಿಗೆ ಇದು ಊರಿನ ದಾರಿಯ ಆಸುಪಾಸಿನಲ್ಲೇ. ತಟ್ಟೆ ಇಡ್ಲಿಗೆ ನಿಲ್ಲುತ್ತಿದ್ದ ಬಿಡದಿಯಲ್ಲಿ ಇಡೀ ದಿನ ನಿಲ್ಲುವುದಕ್ಕೆ ಕಾರಣ ಸಿಕ್ಕಿತು. “ಅಜ್ಜಿ ಮನೆಗೆ ಹೋಗ್ತಿದ್ದೀವಿ” ಅಂತ ಹೊರಡಿಸಿ ವಂಡರ್‌ಲಾ ಗೇಟಿನಲ್ಲಿ ಇಳಿಸುವುದು ನಮ್ಮ ಬಳಗದಲ್ಲಿ ಎಷ್ಟು ಮಂದಿ ಮಾಡಿದರೋ ಲೆಕ್ಕವಿಲ್ಲ.

ಇಲ್ಲೇ ನನಗೆ ಕಸಿವಿಸಿ. ಆ ಸರ್ಪ್ರೈಸಿನಲ್ಲಿ ಅಜ್ಜಿ ಏನಾದಳು? ಒಂದು ನೆಪ. ಮಗುವಿನ ಮನಸ್ಸಿನಲ್ಲಿ “ಅಜ್ಜಿ ಮನೆ ಅಂದ್ರೂ ಅಂದಾರು, ನಿಜವಾಗಿ ಬೇರೇನೋ ಇರುತ್ತೆ” ಅಂತ ಕೂತುಬಿಡುತ್ತೆ. ಮುಂದಿನ ವರ್ಷ ಕಾರು ಬಿಡದಿ ದಾಟಿದರೆ ಮುಖ ಸಣ್ಣದಾಗುತ್ತೆ. ಆ ಕಡೆ ಅಜ್ಜಿ ಬೆರಳು ಮಡಿಸಿ ಎಣಿಸಿಕೊಂಡಿದ್ದ ಹತ್ತು ದಿನದಲ್ಲಿ ಒಂದು ದಿನ ಮಾಯ. ಕೊಬ್ಬರಿಮಿಠಾಯಿ ಮಾಡಿಟ್ಟು ಜಗುಲಿಯಲ್ಲಿ ಕೂತವಳಿಗೆ ರಾತ್ರಿ ಎಂಟು ಗಂಟೆಗೆ ಬಂದಿಳಿದ, ತೂಕಡಿಸುವ ಮೊಮ್ಮಕ್ಕಳು.

ನಮ್ಮ ಮನೆಯಲ್ಲಿ 2008ರ ಬೇಸಿಗೆಗೆ ಈ ಮಾತು ಬಂದಾಗ ಮಗನಿಗೆ ಹತ್ತು, ಮಗಳಿಗೆ ಏಳು. ಊಟಕ್ಕೆ ಕೂತಾಗ ಹೇಳಿದೆವು: ಹತ್ತು ದಿನ ಇದೆ, ಇಷ್ಟು ದುಡ್ಡಿದೆ, ವಂಡರ್‌ಲಾಕ್ಕೆ ಹೋದರೆ ಮೈಸೂರು ಇಲ್ಲ, ಏನ್ಮಾಡೋಣ? ಮಗ ಒಂದೇ ಉಸಿರಿಗೆ ವಂಡರ್‌ಲಾ ಅಂದ. ಮಗಳು ಸ್ವಲ್ಪ ಹೊತ್ತು ಅನ್ನ ಕಲಸಿ, “ಅಜ್ಜಿನೂ ಬರ್ಲಿ” ಅಂದಳು. ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಫೋನು ಮಾಡಿದರೆ ನಮ್ಮಮ್ಮ “ನಂಗ್ಯಾಕಪ್ಪ ಅದೆಲ್ಲ” ಅಂತ ಎರಡು ಸಲ ಹೇಳಿ, ಮೂರನೇ ಸಲಕ್ಕೆ “ಯಾವ ಸೀರೆ ಉಟ್ಕೊಬೇಕು?” ಅಂದಳು. ಆಮೇಲೆ ಒಂದು ತಿಂಗಳು ಪ್ರತಿ ಭಾನುವಾರ ಮೊಮ್ಮಗಳಿಗೂ ಅಜ್ಜಿಗೂ ಎಸ್‌ಟಿಡಿಯಲ್ಲಿ ಅದೇ ಮಾತು. ಮೊದಲು ಊರಿಗೆ ಹೋಗಿ, ನಾಲ್ಕು ದಿನ ಇದ್ದು, ಅಲ್ಲಿಂದ ಅಜ್ಜಿಯ ಜೊತೆ ಬಿಡದಿಗೆ ಬಂದೆವು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂತ ವಿಚಾರಿಸಿಕೊಂಡಿದ್ದರಿಂದ ಕೋಡುಬಳೆ ಡಬ್ಬಿ ವಾಹನದಲ್ಲೇ ಉಳಿಯಿತು. ಅಮ್ಮ ಯಾವ ರೈಡಿಗೂ ಹತ್ತಲಿಲ್ಲ. ನೆರಳಿನಲ್ಲಿ ಒಂದು ಬೆಂಚು ಹಿಡಿದು, ಎಲ್ಲರ ಚಪ್ಪಲಿ ಚೀಲ ಕಾಯುತ್ತಾ ಕೂತಳು. ಮಧ್ಯಾಹ್ನ ಅಲೆಗಳ ಕೊಳದ ಅಂಚಿಗೆ ಬಂದು ಪಾದ ನೆನೆಸಿಕೊಂಡು, “ರಾಮೇಶ್ವರಕ್ಕೆ ಹೋದಂಗಾಯ್ತು” ಅಂದಳು. ಆಮೇಲೆ ಅದನ್ನು ಬೀದಿಯವರಿಗೆಲ್ಲ ವರ್ಷಗಟ್ಟಲೆ ಹೇಳಿದಳು. ಡಿಸ್ನಿ ಬೆಂಚಿನ ಮೇಲೆ ಬೇಜಾರು ಪಟ್ಟ, ನಮ್ಮಮ್ಮ ಪಡಲಿಲ್ಲ. ಕರೆಸಿಕೊಂಡು ಬಂದು ಕೂತಿದ್ದಳಲ್ಲ, ಅದಕ್ಕೆ.

ಸರ್ಪ್ರೈಸಿನ ಪರವಾಗಿ ಹೇಳುವವರು ಒಂದು ಮಾತು ಹೇಳುತ್ತಾರೆ. ಮೊದಲೇ ಹೇಳಿ ಆಮೇಲೆ ರದ್ದಾದರೆ ಮಕ್ಕಳಿಗೆ ನೋವು, ಅದಕ್ಕೇ ಹೇಳುವುದಿಲ್ಲ ಅಂತ. ನ್ಯಾಯವಾದ ಮಾತು. ಡಿಸೆಂಬರಿನಲ್ಲಿ ಚೆನ್ನೈ ಮಳೆ ಯಾರ ಪ್ಲಾನನ್ನೂ ಕೇಳುವುದಿಲ್ಲ, ಬ್ಯಾಂಕಿನ ಆಡಿಟ್ಟಂತೂ ಕೇಳುವುದೇ ಇಲ್ಲ. ಸಣ್ಣ ವಿಷಯಗಳಲ್ಲಿ ನಾನೂ ಆ ಪಕ್ಷವೇ. ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚುವ ತನಕ ಎಷ್ಟೋ ಶನಿವಾರ ಹೇಳದೆ ಕೇಳದೆ ಅಲ್ಲಿಗೆ ಹೋಗಿ ದೋಸೆ ತಿಂದಿದ್ದೇವೆ. ದೋಸೆಗೆ ಸಮಿತಿ ಕೂರಿಸಬೇಕಾಗಿಲ್ಲ.

ಆದರೆ ಥೀಮ್ ಪಾರ್ಕು ದೋಸೆಯಲ್ಲ. ಅಲ್ಲಿ ಭಯವೂ ಇದೆ. 2016ರ ಮೇನಲ್ಲಿ ಕಿಷ್ಕಿಂತಾದಲ್ಲಿ ಒಂದು ರೈಡು ಪರೀಕ್ಷೆ ಮಾಡುವಾಗ ಕುಸಿದು ಒಬ್ಬ ನೌಕರ ಸತ್ತ, ಹಲವರು ಗಾಯಗೊಂಡರು. 2019ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಮೇಲಿನಿಂದ ಬೀಳಿಸುವ ರೈಡಿನ ಕೇಬಲ್ ತುಂಡಾಯಿತು. 2025ರ ಮೇನಲ್ಲಿ ವಿಜಿಪಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಎತ್ತರದಲ್ಲಿ ಸಿಕ್ಕಿಕೊಂಡು, ಅಗ್ನಿಶಾಮಕ ದಳದವರು ಬಂದು ಇಳಿಸಬೇಕಾಯಿತು. ಇವನ್ನು ಹೇಳಿ ಯಾರನ್ನೂ ಹೆದರಿಸುವುದು ನನ್ನ ಉದ್ದೇಶವಲ್ಲ, ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು ಅಪಾಯವಿದೆ. ನಾನು ಯೋಚಿಸುವುದು ಬೇರೆ. ಎತ್ತರ ಕಂಡರೆ ಎದೆ ನಡುಗುವ ಮಗು ಇರುತ್ತೆ. ವಾರದ ಮುಂಚೆ ಗೊತ್ತಾದರೆ ರಾತ್ರಿ ಮಲಗುವಾಗ ಅಮ್ಮನ ಕಿವಿಯಲ್ಲಿ “ನಾನು ಅದಕ್ಕೆ ಹತ್ತಲ್ಲ” ಅಂತ ಹೇಳಿಕೊಳ್ಳುತ್ತೆ. ಗೇಟಿನಲ್ಲಿ ನಿಲ್ಲಿಸಿ, ದುಡ್ಡು ಕೊಟ್ಟು, ಕ್ಯಾಮರಾ ಹಿಡಿದು “ಖುಷೀನಾ?” ಅಂದರೆ ಪಾಪ, ಖುಷಿ ಅನ್ನದೆ ಇನ್ನೇನು ಅನ್ನುತ್ತೆ? ಸರ್ಪ್ರೈಸಿನಲ್ಲಿ ಮಗುವಿಗೆ ಸಿಗದೇ ಹೋಗುವುದು ಬೇಡ ಅನ್ನುವ ಅವಕಾಶ.

ಈಗ ಕಾಲ ಮತ್ತೆ ತಿರುಗಿದೆ. 2025ರ ಡಿಸೆಂಬರಿನಲ್ಲಿ ತಿರುಪ್ಪೋರೂರು ಹತ್ತಿರ ಇಳ್ಳಲೂರಿನಲ್ಲಿ, 64 ಎಕರೆಯಲ್ಲಿ, ಆರುನೂರು ಕೋಟಿಗೂ ಮೀರಿದ ಖರ್ಚಿನಲ್ಲಿ ವಂಡರ್‌ಲಾ ಚೆನ್ನೈಗೇ ಬಂತು. ಬಿಡದಿಯ ನೆಪವೂ ಮುಗಿಯಿತು. ಇಂಥ ಪಾರ್ಕುಗಳ ಟಿಕೆಟ್ಟಿನಲ್ಲಿ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಇದೆ (2017ರಲ್ಲಿ ಇಪ್ಪತ್ತೆಂಟು ಇತ್ತು, 2018ರ ಜನವರಿಯಲ್ಲಿ ಇಳಿಸಿದರು). ನಾಲ್ಕು ಜನರ ಮನೆಗೆ ಊಟ ತಿಂಡಿ ಸೇರಿ ಒಂದು ದಿನಕ್ಕೆ ಸುಲಭವಾಗಿ ಐದಾರು ಸಾವಿರ ದಾಟುತ್ತೆ. ಇಷ್ಟು ದೊಡ್ಡ ಮೊತ್ತ ಎಲ್ಲಿಂದ ಬಂತು ಅಂತ ಮಗುವಿಗೆ ಗೊತ್ತಿಲ್ಲದಿದ್ದರೆ ಅದು ಆಕಾಶದಿಂದ ಬಂದ ದುಡ್ಡೇ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಖಾತೆ ನಡೆಸುವಷ್ಟು ದೊಡ್ಡವರಿಗೆ ರಜೆಯ ಲೆಕ್ಕ ತಿಳಿಯುವುದಿಲ್ಲವೇ? ಅಲ್ಲದೆ ಗುಟ್ಟು ಉಳಿಸುವುದೂ ಕಷ್ಟ. ಟಿಕೆಟ್ಟಿನ ಮೆಸೇಜು ಬರುವ ಫೋನು ಅಪ್ಪನದ್ದಾದರೂ ಅದು ಇರುವುದು ಮಗನ ಕೈಯಲ್ಲಿ!

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮನೆಯಲ್ಲಿ ಈಗ ಒಂದು ಚರ್ಚೆ ನಡೆಯುತ್ತಿದೆ. ಅಲ್ಲಿ ಟಿಕೆಟ್ಟು ವಯಸ್ಸಿನ ಲೆಕ್ಕವಲ್ಲ, ಎತ್ತರದ ಲೆಕ್ಕ. 85 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಪುಕ್ಕಟೆ, 140ರವರೆಗೆ ಮಕ್ಕಳ ದರ. ದೊಡ್ಡ ದೊಡ್ಡ ರೈಡುಗಳಿಗೆ ಬಿಡುವುದೂ 140 ಆದ ಮೇಲೆಯೇ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿ ಅಳೆದಿದ್ದಾರೆ. ಮಗಳು 138. ಬೆಳೆಯುವ ಮುಂಚೆ ಈ ತಿಂಗಳೇ ಹೋಗಿಬಿಡೋಣ ಅಂತ ಅಪ್ಪ. ಎರಡು ಸೆಂಟಿಮೀಟರ್ ಬೆಳೆದ ಮೇಲೆ ಹೋಗೋಣ, ಹೆಚ್ಚಿನ ದುಡ್ಡು ನನ್ನ ಡಬ್ಬಿಯಿಂದ ಕೊಡ್ತೀನಿ ಅಂತ ಮಗಳು. ಹೋದ ಭಾನುವಾರ ಲಿಫ್ಟಿನಲ್ಲಿ ಸಿಕ್ಕಿ, “ಅಂಕಲ್, ಡಬ್ಬಿಲಿ ಇನ್ನೂರ ಎಂಬತ್ತಿದೆ, ನಿಮ್ ಬ್ಯಾಂಕಲ್ಲಿ ಹಾಕಿದ್ರೆ ದೀಪಾವಳಿಗೆ ಎಷ್ಟಾಗುತ್ತೆ?” ಅಂತ ಕೇಳಿದಳು. ಬಡ್ಡಿ ದರ ಹೇಳಿದೆ. ಮುಖ ಸಪ್ಪೆ ಮಾಡಿಕೊಂಡು, “ಅದಕ್ಕಿಂತ ನಾನೇ ಬೇಗ ಬೆಳೀತೀನಿ” ಅಂದು ಇಳಿದುಹೋದಳು.